ಎಡ ಎರಡು, ಒಳಗೆ ಕಲ್ಲು

ಭಾನುವಾರ ಹತ್ತೂವರೆಗೆ ಉಪ್ಪಳದ ನನ್ನ ಅಂಗಡಿಯಲ್ಲಿ
ಟಯರು ಬಿಚ್ಚುವ ಕೆಲಸ ಅರ್ಧ ಗಂಟೆ ನಿಲ್ಲುತ್ತದೆ.
ಗಿರಾಕಿಗಳಿಗೂ ಗೊತ್ತುಂಟು, ಸ್ಟೂಲು ಎಳೆದು ಕೂರುತ್ತಾರೆ.
ಗ್ರೀಸು ಮೆತ್ತಿದ ರಿಮೋಟು ಒತ್ತಿದರೆ
ಬರುತ್ತಾನೆ ಕಮಲಾಕ್ಷ
(ಬೆಂಗಳೂರಿನವರು ಹೆಸರನ್ನು ಅರ್ಧ ಕೊಯ್ದು
ಕಮಲ್ ಮಾಡಿಟ್ಟಿದ್ದಾರೆ),
ಇಸ್ತ್ರಿ ಹಾಕಿದ ನಗು, ತೋಳು ಮಡಚಿದ ಅಂಗಿ.
ಇಪ್ಪತ್ತೆರಡು ಲಕ್ಷದ ಕಾರಿನ ಬಾಗಿಲನ್ನು
ಎಡಗೈಯಲ್ಲಿ ಟಪ್ ಅಂತ ಮುಚ್ಚಿ
‘ಕೇಳಿದಿರಾ ಈ ಸದ್ದು?’ ಅನ್ನುತ್ತಾನೆ ನಾಡಿಗೆಲ್ಲ.

ಮಾತೇ ಮಾತು.
ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು, ಲೀಟರಿಗೆ ಎಷ್ಟು,
ಹಿಂದಿನ ಸೀಟಿನಲ್ಲಿ ಅಜ್ಜಿಯ ಮೊಣಕಾಲಿಗೆ ಎಷ್ಟು ಜಾಗ.
ಒಮ್ಮೆ ನಮ್ಮದೇ ರಸ್ತೆಯಲ್ಲಿ ಓಡಿಸುತ್ತ
‘ಗಡಿಯಾಚೆಯ ಯಾವುದೋ ಹಳ್ಳಿ’ ಅಂದುಬಿಟ್ಟ.
ಬಯ್ಯಬೇಕೆಂದು ಫೋನು ತೆಗೆದೆ.
ನಂಬರು ಉಂಟು. ಒತ್ತಲಿಲ್ಲ.

ಹನ್ನೊಂದು ವರ್ಷ ಅವನ ಎಡಗಡೆ ಕೂತವ ನಾನು.
ಪೈವಳಿಕೆಯ ಆ ಹುಡುಗ ಇಡೀ ದಿನಕ್ಕೆ
ಮೂರು ಮಾತಾಡಿದರೆ ಅದೇ ಭಾಷಣ.

ಕಾರಿನೊಳಗೆ ಬಾಯಿ ನನ್ನದು.
ಬಾಯಾರು ಪದವಿನ ಮುರಕಲ್ಲ ದಾರಿ,
ಸೀತಾಂಗೋಳಿಯಿಂದಾಚೆ ಗೇರುತೋಪಿನ ಧೂಳು,
ಮೊದಲ ದಿನ ನಿಧಾನ ಓಡಿಸಿ, ತೊಡೆಯ ಮೇಲೆ ಪುಸ್ತಕವಿಟ್ಟು
ಒಂದೊಂದು ತಿರುವನ್ನೂ ಬರೆದುಕೊಂಡವ ನಾನು.
ಉಳಿದ ಜೋಡಿಗಳು ಇಂಗ್ಲಿಷಿನಲ್ಲಿ ಓದುವಾಗ
ನಮ್ಮ ಹೆಲ್ಮೆಟ್ಟಿನೊಳಗೆ ಮಾತ್ರ

ಬಲ ನಾಲ್ಕು, ಉದ್ದ, ಕೊನೆಗೆ ಬಿಗಿ.
ಎಂಬತ್ತು ನೇರ. ದಿಣ್ಣೆ, ಹಾರ್ತದೆ, ಹಾರಲಿ.
ಎಡ ಮೂರು, ತೋಡಿನ ನೀರು ಉಂಟು.
ಬಲ ಐದು, ಬಿಡು ಮಾರಾಯ, ಬಿಡು.

ಕೊಯಮುತ್ತೂರಿನ ಹುಡುಗರು ಕೇಳುತ್ತಿದ್ದರು:
ಏನಣ್ಣಾ ಅದು, ಮಂತ್ರವಾ?
ಅಂದುಂಞಿ ಮಂತ್ರ ಹೇಳುವುದು ಗೊತ್ತಾದರೆ
ಉಮ್ಮ ಮನೆಗೆ ಸೇರಿಸಿಯಾಳೇ!
ಕಮಲಾಕ್ಷ ಆಗಲೂ ನಗಲಿಲ್ಲ, ಗಾಜು ಒರೆಸುತ್ತಿದ್ದ.
ನಾನು ‘ಎ’ ಅಂದರೆ ಸಾಕು,
‘ಡ’ ಅವನ ಕೈಗೆ ಮೊದಲೇ ಗೊತ್ತು.

ಆ ವರ್ಷ ಓಟ ನಮ್ಮಲ್ಲಿಗೇ ಬಂತು.
ಬಂದಡ್ಕದ ಇಳುಕಲು. ನಸುಕಿಗೆ ತುಂತುರು.
ಪುಸ್ತಕ ಒದ್ದೆ, ಬೆರಳು ಒದ್ದೆ,
ಹದಿನೇಳನೇ ಹಾಳೆಯ ಬೆನ್ನಿಗೆ ಹದಿನೆಂಟು ಅಂಟಿತ್ತು.
ಒಂದೇ ಅಂತ ತಿರುವಿದೆ.
‘ಬಲ ಐದು, ಬಿಡು’ ಅಂದೆ.

ಬಿಟ್ಟ.

ಮೂರು ಪಲ್ಟಿ. ಆಮೇಲೆ ಒಂದು ಹಲಸಿನ ಮರ.
ಬೆಲ್ಟಿನಲ್ಲಿ ತಲೆಕೆಳಗೆ ತೂಗುತ್ತ ನೋಡಿದ್ದು
ಅವನ ಬಲ ಮಣಿಕಟ್ಟು,
ಯಾವ ಪುಸ್ತಕದಲ್ಲೂ ಬರೆಯದ ಕಡೆಗೆ ತಿರುಗಿತ್ತು.
ಇಂಜಿನು ಆರಿತ್ತು. ಮೇಲಿನ ರಸ್ತೆಯಲ್ಲಿ
ಯಾರೋ ಮಲಯಾಳದಲ್ಲಿ ಕೂಗುತ್ತ ಇಳಿದು ಬರುತ್ತಿದ್ದರು.

ಮಂಗಳೂರಿನ ಆಸ್ಪತ್ರೆ, ಏಳು ಸ್ಕ್ರೂ.
ನಾನು ಹೇಳಲಿಲ್ಲ. ಅವನು ಕೇಳಲಿಲ್ಲ.
ಟಿವಿಯವರು ಅವನ ಮನೆ ಹುಡುಕಿಕೊಂಡು ಬಂದದ್ದು ಮರುವರ್ಷ.

ಇವತ್ತು ಶಾಲೆಯ ಹುಡುಗಿಯೊಬ್ಬಳು ಮೈಕು ಹಿಡಿದು
‘ಓಟ ಯಾಕೆ ಬಿಟ್ಟಿರಿ ಸರ್?’ ಅಂತ ಕೇಳಿದಳು.
ಬಲಗೈ ಎಂದಿನಂತೆ ಕಿಸೆಯಲ್ಲಿತ್ತು.
ಅವನು ಒಂದು ಗಳಿಗೆ ಸುಮ್ಮನಾದ.
ಆ ಒಂದು ಗಳಿಗೆ ನನಗೆ ಹಳೆಯ ಕಮಲಾಕ್ಷ ಸಿಕ್ಕಿದ.
‘ಪಕ್ಕದವ ಸರಿಯಾಗಿಯೇ ಹೇಳಿದ್ದ,
ನಾನು ಕೇಳಿಸಿಕೊಳ್ಳಲಿಲ್ಲ,’ ಅಂದ.
ಜಾಹೀರಾತು ಬಂತು. ಸೋಪು.

ಸ್ಟೂಲಿನ ಮೇಲಿದ್ದ ಐತಪ್ಪಣ್ಣನಿಗೆ ಸಿಟ್ಟು:
‘ನೋಡು ಜನ! ನಿನ್ನ ಹೆಸರು ಕೂಡ ಎತ್ತಲಿಲ್ಲ.’
ಹೌದು, ಎತ್ತಲಿಲ್ಲ, ಅಂದೆ.

ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಆ ಪುಸ್ತಕ ಉಂಟು.
ಎರಡು ಹಾಳೆ ಇನ್ನೂ ಹಾಗೇ,
ಬ್ಲೇಡು ಹಾಕಿದರೆ ಬಿಡಬಹುದು.
ಐತಪ್ಪಣ್ಣನ ಹಳೆ ಆಲ್ಟೋ ಜ್ಯಾಕಿನ ಮೇಲೆ ನಿಂತಿತ್ತು.
ನಾಲ್ಕು ನಟ್ಟು. ಬಿಗಿ ಮಾಡಿದೆ.
ಎದ್ದವ ಮತ್ತೆ ಕೂತು
ಇನ್ನೊಮ್ಮೆ ಬಿಗಿ ಮಾಡಿದೆ.