ಊದುಗೊಳವೆ

ಮೊದಲ ತಿಂಗಳು ಹೊಂಬಾಳಮ್ಮ
ಅರವತ್ತು ಕ್ಯಾಪ್ಸೂಲನ್ನೂ ನುಂಗಿಬಿಟ್ಟಿದ್ದರು.
ಹೊತ್ತಾರೆ ಒಂದು, ಬೈಗಿಗೆ ಒಂದು,
ಬಿಸಿನೀರಿನ ಜೊತೆ, ಒಂದು ದಿನವೂ ತಪ್ಪಿಸದೆ.
ಜೊತೆಗೆ ಕೊಟ್ಟ ಪ್ಲಾಸ್ಟಿಕ್ಕಿನ ಕೊಳವೆ
ಮೊಮ್ಮಗನ ಕೈಯಲ್ಲಿ ಎರಡು ದಿನ ಪೀಪಿಯಾಗಿದ್ದು
ಊದಿದರೆ ಕೂಗುವುದಿಲ್ಲವೆಂದು ಅಟ್ಟ ಸೇರಿತ್ತು.
"ಗೂರ್ಲು ಒಂದೀಟೂ ಇಳಿನಿಲ್ಲ ಕಣವ್ವ.
ಮಾತ್ರೆ ಬಲು ಹಗುರ, ಗಂಟ್ಲಲ್ಲಿ ಅಂಟ್ಕತದೆ."

ನಗು ಬರಲಿಲ್ಲ.
ಸೆರಗಿನ ಗಂಟಿನಿಂದ ಬಿಚ್ಚಿದ ಚೀಟಿಯಲ್ಲಿ ನನ್ನದೇ ಅಕ್ಷರ:
ಒಂದು, ಸೊನ್ನೆ, ಒಂದು.
ಬಿಪಿಗೂ ಹೀಗೇ ಬರೆಯುತ್ತೇನೆ, ಸಕ್ಕರೆಗೂ ಹೀಗೇ.
ಅವತ್ತು ಸೋಮವಾರ, ಪಾಂಡವಪುರದ ಸಂಜೆ ಮೀಟಿಂಗು ಬೇರೆ,
ಹೊರಗೆ ಬೆಂಚು ಸಾಲದೆ ನೆಲಕ್ಕೆ ಕೂತ ಜನ.
ಕಿಂಡಿಯಲ್ಲಿ ಫಾರ್ಮಸಿಯ ಮಹದೇವಪ್ರಸಾದ್ ಡಬ್ಬಿ ದೂಡಿ
"ಬೆಳಿಗ್ಗೆ, ರಾತ್ರಿ" ಅಂದಿದ್ದರು.
ಉಸಿರಿನ ವಿಷಯ ನಾವಿಬ್ಬರೂ ಎತ್ತಿರಲಿಲ್ಲ.

ಕಾರ್ಡಿನಲ್ಲೊಂದು ಕಾಲಂ ಇದೆ, ಧೂಮಪಾನ.
ಇಲ್ಲ ಎಂದು ತುಂಬಿದ್ದೆ. ಬೀಡಿ ಮುಟ್ಟಿದವರಲ್ಲ ಅವರು.
ನಾಲೆಯಾಚೆಯ ಆಲೆಮನೆಯಲ್ಲಿ ಇಪ್ಪತ್ತೇಳು ವರ್ಷ
ಕೊಪ್ಪರಿಗೆ ಕೆಳಗೆ ಉರಿ ಹಾಕಿದವರು.
ಬಿಸಿಲು ಬಾರದೆ ರಚ್ಚು ಹಸಿಯಾಗಿದ್ದ ದಿನ
ಹಳೇ ಟೈರು.
ಆ ಹೊಗೆಗೆ ಕಾಲಂ ಕೊಟ್ಟಿಲ್ಲ ಸರ್ಕಾರ,
ಅಂಚಿನಲ್ಲಿ ಅಕ್ಷರ ಸಣ್ಣದು ಮಾಡಿ ಬರೆದುಕೊಂಡೆ.

"ಕುಡಿಯೋ ಔಸ್ತಿ ಕೊಡು, ಇಲ್ಲಾಂದ್ರೆ ಸೂಜಿ ಆಕು.
ಎಳಿಯೋ ಪಂಪು ಅಂದ್ರೆ ಕಡೇ ಔಸ್ತಿಯಂತೆ.
ಒಂದ್ಸಲ ಹಿಡ್ದೋರು ಬುಡಕ್ಕಾಗಕಿಲ್ವಂತೆ."
ಮುದ್ದೆ ಬಿಡಕ್ಕಾಗ್ತದಾ, ಎನ್ನುವ ಜಾಣತನ
ನಾಲಿಗೆಯ ತುದಿಗೆ ಬಂತು. ವಾರಕ್ಕೆ ಮೂರು ಸಲ
ಆಡಿ ಆಡಿ ಸವೆದದ್ದು. ನುಂಗಿಕೊಂಡೆ,
ಅವರು ಕ್ಯಾಪ್ಸೂಲು ನುಂಗಿದ ಹಾಗೆ.

ಕುರ್ಚಿ ಎಳೆದುಕೊಂಡು
ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ.
ಹೊಸ ಕೊಳವೆ, ಕ್ಯಾಪ್ಸೂಲು ಇಟ್ಟು ತಿರುವಿದೆ, ಕಟಕ್.
ಬಾಯಿಗಿಟ್ಟು ಎಳೀರಿ, ಎಂದೆ.
ಊದಿದರು.
ಬಿಳಿ ಪುಡಿ ನನ್ನ ಕನ್ನಡಕದ ಮೇಲೆ,
ತೆರೆದಿಟ್ಟ ಹೊರರೋಗಿ ರಿಜಿಸ್ಟರಿನ ಮೇಲೆ,
ವಿಭೂತಿಯ ಹಾಗೆ ಮೂಗಿನ ಮೇಲೊಂದಿಷ್ಟು.
ಎರಡನೆಯದನ್ನೂ ಊದಿದರು.
"ಏನ್ ಮಾಡ್ಲವ್ವ, ಕೊಳವೆ ತುಟಿಗೆ ಬಂದ್ರೆ
ಊದೋದೇ ಬರೋದು. ಏಳೊರ್ಸದ ಮಗಿಂದ ಊದ್ತಾ ಇವ್ನಿ."

ಮಂಡ್ಯದ ದೊಡ್ಡಾಸ್ಪತ್ರೆಯಲ್ಲೂ ಯಂತ್ರಕ್ಕೆ ಊದಿ ಬಂದಿದ್ದರು.
ಇರಬೇಕಾದ್ದರಲ್ಲಿ ಅರ್ಧವೂ ಇಲ್ಲವೆಂದು
ಕಾಗದ ಹೇಳಿತ್ತು. ಉಳಿದರ್ಧ ಎಲ್ಲಿ ಹೋಯಿತೆಂದು
ಅದು ಹೇಳಿರಲಿಲ್ಲ.

ಒಲೆ ಊದೋಕೆ ಮುಂಚೆ ಏನ್ ಮಾಡ್ತೀರಿ? ಕೇಳಿದೆ,
ಯಾಕೆ ಕೇಳಿದೆನೋ.
ಅವರು ಕಣ್ಣು ಮುಚ್ಚಿ ನೆನೆದರು, ಮೈಯಿಂದ ನೆನೆದರು,
ಕತ್ತು ತಾನಾಗಿ ಎಡಕ್ಕೆ ಹೊರಳಿತು.
"ಹೊಗೆ ಕಡಿಂದ ಮಕ ತಿರುಗ್ಸಿ
ಉಸ್ರು ಎಳ್ಕತೀನಿ."
ಅದೇ. ಅದನ್ನೇ ಮಾಡಿ.
ಆ ಅರ್ಧ ಮಾತ್ರ ಮಾಡಿ, ಒಲೆಗೆ ಕೊಡಬೇಡಿ.

ಮೂರನೆಯದು ಗುರ್ರೆಂದಿತು ಕೊಳವೆಯೊಳಗೆ.
ಹತ್ತರ ತನಕ ಬಿಗಿಹಿಡಿಯಲೆಂದು ಎಣಿಸಿದೆ,
ನಾಲ್ಕಕ್ಕೆ ಕೆಮ್ಮು ಬಂತು.
ಕೆಮ್ಮಿ, ಸೆರಗಲ್ಲಿ ಬಾಯೊರೆಸಿ, ನಾಲಿಗೆ ಆಡಿಸಿ
"ಒಸಿ ಸೀ ಅದೆ" ಅಂದರು, ಬೆಲ್ಲದ ಪಾಕ ನೋಡುವವರ
ಗತ್ತಿನಲ್ಲಿ, ಪರವಾಗಿಲ್ಲ ಎಂಬಂತೆ.

ಚೀಟಿಯಲ್ಲಿ ಒಂದು ಸೊನ್ನೆ ಒಂದನ್ನು ಹೊಡೆದುಹಾಕಿದೆ.
ಊದುವ ಮುಂಚಿನ ಉಸಿರು, ಎರಡು ಹೊತ್ತು,
ಆಮೇಲೆ ಬಾಯಿ ಮುಕ್ಕಳಿಸಿ ಉಗಿಯುವುದು.

ಐದು ನಿಮಿಷಕ್ಕೆ ಮಹದೇವಪ್ರಸಾದ್ ಕಿಂಡಿ ಬಿಟ್ಟು
ಬಾಗಿಲಿಗೇ ಬಂದರು, ಕೈಯಲ್ಲಿ ಚೀಟಿ:
"ಮೇಡಂ, ಇದು ಸ್ಟಾಕಲ್ಲಿ ಯಾವ ಹೆಸರಲ್ಲಿದೆ?"