ಗೇಟಿನ ಅಕ್ಕ

ಹಾಡು ಬಂದಿದ್ದು ನನಗೆ ಗೊತ್ತಾಗಿದ್ದು ಹಾರನ್ನಿನಿಂದ.
ಒಂದು ಸೋಮವಾರ ಬೆಳಿಗ್ಗೆ
ಹುಬ್ಬಳ್ಳಿ ಪ್ಯಾಸೆಂಜರಿಗೆ ಗೇಟು ಹಾಕಿದೆ.
ದಿನಾ ಬೈಯುವವರು ಅವತ್ತು ಬೈಯಲಿಲ್ಲ.
ಆಟೋದವರು, ಸ್ಕೂಟಿ ಹುಡುಗಿಯರು, ಹಾಲಿನ ಗಾಡಿಯವನು
ಎಲ್ಲ ಒಂದೇ ತಾಳಕ್ಕೆ
ಪೋಂ ಪೊಪೊಂ, ಪೋಂ ಪೊಪೊಂ.
ಪೆಟ್ರೋಲ್ ಟ್ಯಾಂಕಿನ ಮೇಲೆ ಬೆರಳು ಬಡಿಯುತ್ತ ಒಬ್ಬ ಕೂಗಿದ:
‘ಗೇಟ್ ಬಿತ್ತು, ಗೇಟ್ ಬಿತ್ತು,
ನನ್ನ ಹೊತ್ತು ಯಾರ ಸೊತ್ತು?’
ಸಾಲಿಗೆ ಸಾಲೇ ನಕ್ಕಿತು.
ನಾನೂ ನಕ್ಕೆ, ಹಸಿರು ಬಾವುಟ ಹಿಡಿದುಕೊಂಡೇ.
ಮುಂದಿನ ಸಾಲು ಇನ್ನೂ ಕೇಳಿರಲಿಲ್ಲ.

ಹಾಡಿದವನು ಮಂಡಕ್ಕಿ ಭಟ್ಟಿಯ ಚಮನ್‌ಸಾಬರ ಮೊಮ್ಮಗ, ಅಲ್ತಾಫ್.
ಹಾಡಿಗೆಂದು ಇಟ್ಟುಕೊಂಡ ಹೆಸರು ಎಂಸಿ ಭಟ್ಟಿ.
ಮುಂಜಾನೆ ನಾಲ್ಕಕ್ಕೆ ಕಾದ ಮರಳಲ್ಲಿ ಅಕ್ಕಿ ಹುರಿಯುವಾಗ
ಆ ಚಟಪಟದ ಹಿಂದೆ ಬಾಯಿ ಓಡಿಸಿ ಓಡಿಸಿ ಕಲಿತನಂತೆ.
ನನ್ನ ಗೇಟಿನ ಗಂಟೆಯನ್ನು ಫೋನಿನಲ್ಲಿ ಹಿಡಿದು
ಹಾಡಿನ ಕೆಳಗೆ ಚಾಪೆಯ ಹಾಗೆ ಹಾಸಿದ್ದಾನೆ.
ಒಂದು ಮಾತು ಕೇಳಿದ್ದರೆ
ಇನ್ನೂ ಜೋರಾಗಿ ಬಾರಿಸುತ್ತಿದ್ದೆ.

ಮದುವೆ ಬ್ಯಾಂಡಿನವರು ಅದನ್ನೇ ಕ್ಲಾರಿನೆಟ್ಟಿನಲ್ಲಿ ಊದಿದರು.
ಬೆಣ್ಣೆದೋಸೆ ಹಂಚಿನ ಅಂಚಿಗೆ ಹುಡುಗ ಸೌಟಿನಿಂದ ಬಡಿದ.
ಕಾರ್ಪೊರೇಟರು ಫ್ಲೆಕ್ಸ್ ಕಟ್ಟಿಸಿದರು, ‘ನಮ್ಮ ವಾರ್ಡಿನ ಹೆಮ್ಮೆ’,
ಹುಡುಗನ ಮುಖಕ್ಕಿಂತ ಅವರ ಮುಖವೇ ದೊಡ್ಡದು.
ಭಟ್ಟಿ ಮಾಲೀಕರು ಮಾತ್ರ ಮೀಟಿಂಗ್ ಕರೆದರು,
ಟೈರಿನ ಹೊಗೆಯನ್ನು ಹಾಡಿಗೆ ಯಾಕೆ ತಂದೆ ಅಂತ.
ಹೊಗೆ ಯಾಕೆ ಅಂತ ಯಾರೂ ಕೇಳಲಿಲ್ಲ.

ಎರಡನೇ ವಾರ ತಂಗಿಯ ಮಗಳು
ಫೋನನ್ನು ನನ್ನ ಕಿವಿಗಿಟ್ಟಳು:
‘ಗೇಟಿನ ಅಕ್ಕ, ಗೊರಕೆ ಪಕ್ಕಾ.’
ಇಟ್ಟು, ನನ್ನ ಮುಖ ನೋಡಿದಳು.

ಇಪ್ಪತ್ತೆರಡು ವರ್ಷ.
ಗಂಡ ಸತ್ತ ಮೇಲೆ ಅವನ ಬಾವುಟ, ಅವನ ಲಾಟೀನು,
ಅವನ ಸ್ಟೂಲಿನ ಕುಂಟು ಕಾಲು ಸಮೇತ ನನಗೆ ಬಂತು.
ಹಲ್ಲುನೋವಿನಲ್ಲಿ ಕೂತಿದ್ದೇನೆ,
ಮಗನ ರಿಸಲ್ಟಿನ ದಿನವೂ ಕೂತಿದ್ದೇನೆ.
ರೆಪ್ಪೆಗೆ ರಜೆ ಕೊಟ್ಟಿಲ್ಲ.

ಮೂರನೇ ವಾರ ಮೆಮೊ ಬಂತು,
ಹಿಂದಿ, ಇಂಗ್ಲಿಷ್, ಎರಡರಲ್ಲೂ.
ಎರಡರಲ್ಲೂ ನಾನು ಮಲಗಿದ್ದೆ.
ಏಳು ದಿನದೊಳಗೆ ವಿವರಣೆ ಕೊಡಬೇಕು.

ವಾಗೀಶಯ್ಯ ಮೇಷ್ಟ್ರು ಗೇಟಿಗೆ ಸಿಕ್ಕಿಬಿದ್ದಾಗ ತೋರಿಸಿದೆ.
ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು, ಕನ್ನಡಕ ಒರೆಸಿದರು.
‘ಅಕ್ಕ, ಪಕ್ಕಾ. ಎರಡನೇ ಅಕ್ಷರ ಕೂಡಿದೆ ನೋಡಮ್ಮ.
ಅವನಿಗೆ ಪ್ರಾಸ ಬೇಕಿತ್ತು, ನೀನು ಸಿಕ್ಕೆ.
ಹುಡುಗ ದಡ್ಡನಲ್ಲ.’
ನನ್ನ ಕಡೆಗೋ ಅವನ ಕಡೆಗೋ, ತಿಳಿಯಲಿಲ್ಲ.
ರಾತ್ರಿ ಕೂತು ಬರೆದೆ:
‘ಪ್ರಾಸಕ್ಕಾಗಿ ಮಲಗಿದ್ದೇನೆ, ಕೆಲಸದ ಮೇಲಲ್ಲ.
ಇಂತಿ, ಹಾಲಮ್ಮ.’

ಕೊನೆಗೆ ಅವನೇ ಬಂದ, ರಾತ್ರಿ ಒಂದರ ಮೇಲೆ,
ಮೊಪೆಡ್ಡಿನ ಮೇಲೆ ಮೂರು ಚೀಲ, ಹುಬ್ಬಿನ ಮೇಲೆ ಮಸಿ.
ಲಕ್ಷಗಟ್ಟಲೆ ಜನ ಕೇಳಿದರಂತೆ,
ಬಂದ ದುಡ್ಡು ಮೊಪೆಡ್ಡಿನ ಎರಡು ಟೈರಿಗೆ ಸರಿಹೋಯಿತಂತೆ.
‘ಬೇರೆ ಪದ ಸಿಗಲಿಲ್ಲ ಅಕ್ಕಾ.’
‘ಲೆಕ್ಕ ಇತ್ತಲ್ಲೋ’ ಅಂದೆ.
‘ಗೇಟಿನ ಅಕ್ಕ, ಗಾಲಿ ಲೆಕ್ಕ. ನಾನು ಬೋಗಿ ಎಣಿಸ್ತೀನಿ, ಗೊತ್ತಾ?’
ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದ.
‘ಚೆನ್ನಾಗೈತೆ. ಆದ್ರೆ ಯಾರೂ ನಗಲ್ಲ.’
ಸುಳ್ಳು ಹೇಳಲಿಲ್ಲ. ಅದಕ್ಕೇ ಬೈಯಲಿಲ್ಲ.
ಬಿಸಿ ಮಂಡಕ್ಕಿಯ ಪೊಟ್ಟಣ ಒಂದನ್ನು ಸ್ಟೂಲಿನ ಮೇಲಿಟ್ಟು
ತಳ್ಳಿಕೊಂಡು ಹೋದ, ಎಂಜಿನ್ ಹಾಕದೆ.

ಮೆಮೊದಲ್ಲಿ ಬರೆಯದ ಮಾತೊಂದಿದೆ.
ಅವತ್ತು ಎರಡೂಕಾಲರ ಗೂಡ್ಸ್ ಹೋಯಿತು.
ಐವತ್ತೆಂಟು ಎಣಿಸಿದೆ.
ಕಡೆಯ ಕೆಂಪು ದೀಪ ಹರಿಹರದ ಕಡೆ ಸಾಸಿವೆಯಷ್ಟಾಯಿತು.
ಮಡಿಲಲ್ಲಿ ಪೊಟ್ಟಣ ಇನ್ನೂ ಬೆಚ್ಚಗಿತ್ತು.
ಎಷ್ಟು ಹೊತ್ತೋ ಗೊತ್ತಿಲ್ಲ,
ಗೇಟಿನಾಚೆ ಮೆಕ್ಕೆಜೋಳದ ಲಾರಿಯೊಂದು
ಮೆಲ್ಲಗೆ, ಬಹಳ ಮರ್ಯಾದೆಯಿಂದ,
ಪೋಂ ಪೊಪೊಂ.