ತಗ್ಗು ಮುಖ

ಉಳಿದ ನಾಣ್ಯಗಳಲ್ಲಿ ಮುಖ ಉಬ್ಬಿರುತ್ತದೆ,
ಸವೆದರೆ ಮೊದಲು ಮೂಗು,
ಆಮೇಲೆ ಕೆನ್ನೆ, ಕಿವಿಯ ಮೇಲಿನ ಕೂದಲು.
ಇದು ಹಾಗಲ್ಲ.
ಅಮೆರಿಕದ ಐದು ಡಾಲರು, ಸಾವಿರದ ಒಂಬೈನೂರ ಒಂಬತ್ತು.
ಚಿತ್ರವನ್ನೆಲ್ಲ ಚಿನ್ನದೊಳಕ್ಕೆ ಅದುಮಿ
ಸುತ್ತಲ ಬಯಲನ್ನೇ ಎತ್ತರ ಬಿಟ್ಟಿದ್ದಾರೆ,
ಹಸಿ ಮರಳಲ್ಲಿ ಹೆಜ್ಜೆ ಮೂಡುವ ಹಾಗೆ.
ತಗ್ಗಿನಲ್ಲಿ ಕೊಳೆ ಕೂರುತ್ತದೆ, ರೋಗ ಹಬ್ಬುತ್ತದೆ ಅಂತ
ಆಗಲೇ ಯಾರೋ ತಕರಾರು ತೆಗೆದಿದ್ದರಂತೆ.

ಬೈತಖೋಲದ ಚಂದ್ರಭಾಗಾ ತಾಂಡೇಲ
ಅದನ್ನು ಎಲೆಯಡಿಕೆ ಸಂಚಿಯಿಂದ ತೆಗೆದು
ನನ್ನ ಮೇಜಿನ ಮೇಲೆ ಟಣ್ ಅಂತ ಇಟ್ಟಳು.
ನನ್ನ ಜೀವ ಹಾರಿತು.
ಅಂಚು ಹಿಡಿಯಬೇಕು ಬಾಯೀ, ಅಂಚು,
ಬೆರಳು ಮುಖಕ್ಕೆ ತಾಗಬಾರದು, ಅಂದೆ.
ಅರವತ್ತು ವರ್ಷ ತಾಗಿದೆಯಲ್ಲ ಬಾಬ, ಅಂದಳು,
ಇವತ್ತೊಂದಿನ ಯಾಕೆ ಮಡಿ?

ಅವಳ ಅಜ್ಜ ಖಲಾಸಿ. ಮುಂಬಯಿ ಬಿಟ್ಟ ಹಡಗು
ಎಲ್ಲೆಲ್ಲಿ ನಿಂತಿತೋ, ಯಾವ ಬಂದರಿನ ಜೂಜಿನಲ್ಲಿ ಗೆದ್ದನೋ,
ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.
ಈಗ ಮೊಮ್ಮಗಳ ಮದುವೆ.
ಪೇಟೆಯ ಶೇಟರು ಕರಗಿಸೋಣ ಅಂದರಂತೆ, ಎರಡು ಓಲೆಗೆ ಸಾಕು.
ಅದಕ್ಕೆ ಮೊದಲು ಅವಳಿಗೆ ತಿಳಿಯಬೇಕಾದ್ದು ಒಂದೇ:
ಬಾಸಿಂಗ ಕಟ್ಟಿಕೊಂಡ ಈ ಮದುಮಗಳು ಯಾರು?

ಮದುಮಗಳಲ್ಲ, ಗಂಡಸು, ಅಂದೆ,
ಆ ನಾಡಿನ ಮೂಲ ಜನರ ಯಜಮಾನ,
ತಲೆಯ ಮೇಲಿನದು ಗರಿ.
ಅವಳು ಬಹಳ ಹೊತ್ತು ಸುಮ್ಮನೆ ಕೂತಳು.
ಇಷ್ಟು ವರ್ಷ ಹೆಣ್ಣೆಂದು ಮಾತಾಡಿಸಿದ್ದೆ.
ಇರಲಿ. ಕೇಳಿಸಿಕೊಂಡಿದೆಯಲ್ಲ.

ಕಸ್ಟಮ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಬೇರೆಯವರ ಪೆಟ್ಟಿಗೆ ಬಿಚ್ಚಿದ ಕಣ್ಣು ನನ್ನದು.
ದೀಪ ಓರೆ ಮಾಡಿದೆ, ಭೂತಗನ್ನಡಿ ಹಿಡಿದೆ,
ನಾಣ್ಯವನ್ನು ಕೂದಲೆಳೆಯಷ್ಟು ವಾಲಿಸಿದೆ.
ಹೊಳಪು ಗರಿಯಿಂದ ಗರಿಗೆ ನಡೆಯಿತು.
ಹಿಂಬದಿಯ ಹದ್ದಿನ ರೆಕ್ಕೆಯ ಗೀರುಗಳಲ್ಲಿ ಸುಣ್ಣ,
ಹಳೆಯದು, ಕಲ್ಲಾದದ್ದು.
ತೊಳೆದಿಲ್ಲ, ಬೂದಿಯಲ್ಲಿ ಉಜ್ಜಿಲ್ಲ,
ಹುಣಸೆ ಮುಟ್ಟಿಸಿಲ್ಲ, ಕೊಂಡಿ ಬೆಸೆದಿಲ್ಲ,
ದೇವರು ದೊಡ್ಡವನು.
ವರ್ಷದ ಅಂಕಿಯ ಹತ್ತಿರ ಒಂದು ಗಾಯ:
ಟಂಕಸಾಲೆಯ ಚೀಲದಲ್ಲಿ ಜೊತೆಯ ನಾಣ್ಯ ಕೊಟ್ಟದ್ದು.
ಮುಖದ ಎದುರಿನ ಬಯಲು ಮಾತ್ರ
ಮಂಕು, ನುಣುಪು, ಮೊಟ್ಟೆಯಾಕಾರ.

ಅದರ ಮೇಲೆ, ಗಾಳಿಯಲ್ಲೇ, ನನ್ನ ಹೆಬ್ಬೆರಳು ಹಿಡಿದು ನೋಡಿದೆ.
ಸರಿಹೋಗಲಿಲ್ಲ.
ದೋಣಿ ಹೊತ್ತಿಗೆ ಬಾರದ ರಾತ್ರಿ, ಅಂದಳು ಅವಳು,
ಕೈ ಸಂಚಿಯೊಳಗೇ ಇರುತ್ತಿತ್ತು.
ಉಬ್ಬಿದ ಮುಖವಾಗಿದ್ದರೆ ಅಳಿದೇ ಹೋಗುತ್ತಿತ್ತು.
ಇವನು ತಗ್ಗಿ ಕೂತು ಉಳಿದುಕೊಂಡ,
ಸವೆದದ್ದು ಅವನ ಸುತ್ತಲ ನೆಲ.

ಐವತ್ತಮೂರು.
ಕಣ್ಣಿಗೆ ಕಂಡದ್ದು ಅದು.
ನನ್ನ ಟ್ರೇಯಲ್ಲಿ ಹತ್ತು, ಹನ್ನೊಂದು, ಹನ್ನೆರಡು ಕೂತಿವೆ,
ಒಂಬತ್ತರ ಗುಂಡಿ ಹದಿನಾರು ವರ್ಷದಿಂದ ಖಾಲಿ.
ಬಾಯಿಗೆ ಬಂದದ್ದು, ನಲವತ್ತು.
ಚಿನ್ನದ ತೂಕಕ್ಕೆ ಬೆಲೆ ಇದೆ, ಮೇಲೆ ಐದೋ ಆರೋ ಸಾವಿರ,
ಬೇಕಾದರೆ ನಾನೇ...

ಎಷ್ಟಕ್ಕೆ ನಲವತ್ತು?
ಎಪ್ಪತ್ತಕ್ಕೆ. ಎಪ್ಪತ್ತು ಅಂದರೆ ಯಾರೂ ಮುಟ್ಟದ್ದು.
ಎಲೆಯ ಕೆಂಪು ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು.
ನನಗೆ ಎಪ್ಪತ್ತೊಂದು ಬಾಬ,
ಪಾಸಾಗಿ ಒಂದು ವರ್ಷವಾಯಿತು.

ನಾಣ್ಯ ಸಂಚಿಗೆ ಹೋಯಿತು,
ಅಡಿಕೆ ಚೂರು, ಸುಣ್ಣದ ಡಬ್ಬಿಯ ನಡುವೆ.
ಕರಗಿಸುವುದಿಲ್ಲ ಬಿಡು,
ಗಂಡಸೆಂದು ಹುಡುಗಿಗೆ ಹೇಳುವುದೂ ಇಲ್ಲ,
ಅನ್ನುತ್ತ ಮೆಟ್ಟಿಲಿಳಿದಳು.
ಗೇಟಿನ ತನಕ ಐವತ್ತಮೂರು ನನ್ನ ನಾಲಿಗೆಯ ಮೇಲಿತ್ತು.
ಗೇಟಿನ ಕೊಂಡಿ ಬಿತ್ತು.

ರಾತ್ರಿ ಗಾಳಿ ಎದ್ದಿದೆ.
ಬಂದರಿಗೆ ಇನ್ನೂ ಮೂರು ದೋಣಿ ಬರಬೇಕಂತೆ.
ಬೈತಖೋಲದಲ್ಲಿ ಒಂದು ಹೆಬ್ಬೆರಳು
ಆ ಬಯಲ ಮೇಲೆ ಹೋಗುತ್ತಿರಬೇಕು, ಬರುತ್ತಿರಬೇಕು.
ಹೀಗೇ ಸವೆದರೆ ಐವತ್ತು, ನಲವತ್ತೈದು,
ನಾನು ಹೇಳಿದ ನಲವತ್ತು
ಯಾವತ್ತೋ ಒಂದು ದಿನ ನಿಜವಾಗುತ್ತದೆ.